ಚಿಗವ್ವನ ಲೇಸು, ಅಶೋಕನ 'ಕ'

ಬಹಳ ದಿನಗಳಾದವು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ಒಂದರ ಹಿಂದೆ ಒಂದು ರಿಲೀಸು, ಮಧ್ಯೆ ಊರಿಗೆ ಓಡಾಟ... ಬರೆಯಬೇಕು ಅಂದುಕೊಂಡದ್ದೆಲ್ಲ ಡ್ರಾಫ್ಟಿನಲ್ಲೇ ಉಳಿದುಬಿಟ್ಟಿತ್ತು. ಈ ಸಲ ಬರೆದೇ ಏಳುವುದು ಅಂತ ಕೂತಿದ್ದೇನೆ. ವಿಷಯ ಲೇಸು. ಹೌದು, ಕ್ರೋಶಾ ಕಡ್ಡಿ ಹಿಡಿದು ಬಿಳಿ ದಾರದಲ್ಲಿ ಹಾಕುತ್ತಾರಲ್ಲ, ಅದೇ ಲೇಸು. ನಗಬೇಡಿ :) ಇದರಲ್ಲಿ ಅಶೋಕ ಬರುತ್ತಾನೆ, ಬೆಲ್ಜಿಯಂ ಬರುತ್ತದೆ, ಐವತ್ತು ರೂಪಾಯಿ ನೋಟು ಬರುತ್ತದೆ, ಒಂದೆರಡು ಕಾಯ್ದೆಗಳೂ ಬರುತ್ತವೆ.

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಹಳೆಯ ಮನೆಗಳಿಗೆ ಹೋದವರು ಈ ಲೇಸನ್ನು ನೋಡಿಯೇ ಇರುತ್ತೀರಿ. ಬಾಗಿಲಿಗೆ ತೋರಣ, ಟಿವಿಯ ಮೇಲೊಂದು ಹೊದಿಕೆ, ದೇವರ ಮುಂದಿನ ಮಣೆಗೆ ಒಂದು ಹಾಸು, ಗೋಡೆಯ ಕಪಾಟಿನ ಅಂಚಿಗೆ ಇಳಿಬಿಟ್ಟ ಪಟ್ಟಿ. ನಮ್ಮ ದೇವದುರ್ಗದ ಮನೆಯಲ್ಲಿ ಫ್ರಿಜ್ಜಿಗೂ ಒಂದು ಟೋಪಿ ಇದೆ. ಈಗ ಒಂದು ಕೆಲಸ ಮಾಡಿ. ಆ ಲೇಸುಗಳಲ್ಲಿ ಇರುವ ಚಿತ್ರಗಳನ್ನು ನೆನಪಿಸಿಕೊಳ್ಳಿ. ಗುಲಾಬಿ, ಹಂಸದ ಜೋಡಿ, ದ್ರಾಕ್ಷಿ ಗೊಂಚಲು, ಇಂಗ್ಲಿಷಿನಲ್ಲಿ 'ವೆಲ್‌ಕಮ್'. ನಮ್ಮ ಊರಲ್ಲಿ ಹಂಸ ಎಲ್ಲಿದೆ ಸ್ವಾಮಿ? ಇವೆಲ್ಲ ದಾರದ ಕಂಪನಿಗಳ ಪುಸ್ತಕಗಳಿಂದ, ಮಿಷನ್ ಶಾಲೆಗಳಿಂದ, ಯಾರೋ ಯಾರಿಗೋ ಕೊಟ್ಟ ನಮೂನೆಗಳಿಂದ ಕೈಯಿಂದ ಕೈಗೆ ಬಂದವು. ಚೆನ್ನಾಗಿಯೇ ಇವೆ, ಬೇಡ ಅನ್ನುತ್ತಿಲ್ಲ. ಆದರೆ ಹತ್ತಿ ಬೆಳೆಯುವ ನೆಲದಲ್ಲಿ, ಹತ್ತಿ ಮಾರುಕಟ್ಟೆಗೆ ಹೆಸರಾದ ರಾಯಚೂರಿನಲ್ಲಿ, ಹತ್ತಿ ದಾರದ ಮೇಲೆ ಕಾಣುವುದೆಲ್ಲ ಬೇರೆಯವರ ತೋಟದ ಹೂವು ಅನ್ನುವುದು ನನಗೆ ತಲೆಯಲ್ಲಿ ಕೊರೆಯತೊಡಗಿದ್ದು ಚಿಗವ್ವ ಫೋನು ಮಾಡಿದ ಮೇಲೆ.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಮಾನ್ವಿಯಲ್ಲಿರುತ್ತಾಳೆ. ನಲವತ್ತು ವರ್ಷದಿಂದ ಲೇಸು ಹಾಕುತ್ತಾಳೆ. ಮೊದಲು ಮನೆಗೆ, ಆಮೇಲೆ ಬೀಗರಿಗೆ, ಈಗ ಹತ್ತು ಹನ್ನೆರಡು ವರ್ಷದಿಂದ ಮಾರಾಟಕ್ಕೆ. ಓಣಿಯ ಇನ್ನಿಬ್ಬರು ಹೆಂಗಸರೂ ಜೊತೆಗಿದ್ದಾರೆ. ರಾಯಚೂರಿನ ಅಂಗಡಿಯೊಂದಕ್ಕೆ ತೋರಣ ಕೊಡುತ್ತಾರೆ. ಇಪ್ಪತ್ತು ಗಂಟೆ ಕೂತು ಹಾಕಿದ ತೋರಣಕ್ಕೆ ಕೈಗೆ ಬರುವುದು ನಾನೂರು ರೂಪಾಯಿ. ಅಂದರೆ ಗಂಟೆಗೆ ಇಪ್ಪತ್ತು, ದಾರದ ಖರ್ಚೂ ಅದರಲ್ಲೇ.

ಆ ದಿನ ಫೋನಿನಲ್ಲಿ ಅವಳ ದನಿ ಬಹಳ ಖುಷಿಯಲ್ಲಿತ್ತು.

"ಒಂದು ಸಾಲಿಯವರು ಕೇಳ್ಯಾರವಾ. ಸ್ಟೇಜಿನ ಮ್ಯಾಲಿನ ಮೇಜಿಗೆ ಹಾಸಲಿಕ್ಕ ಲೇಸಿನ ಬಟ್ಟಿ ಬೇಕಂತ. ಆಗಸ್ಟ್ ಹದಿನೈದಕ್ಕೂ ಆಗಬೇಕು, ಸಪ್ಟಂಬರ್ ಹದಿನೇಳಕ್ಕೂ ಆಗಬೇಕು. ನೀ ಕಂಪ್ಯೂಟರಿನ್ಯಾಗ ಒಂದು ಝಂಡಾದ ಡಿಜೈನ್ ತೆಗೆದು ಕಳಸು. ಮೂರು ಬಣ್ಣದ ದಾರ ತಂದೀನಿ."

ಬೇರೆ ಕಡೆಯವರಿಗೆ ಸೆಪ್ಟೆಂಬರ್ 17 ಏನು ಅಂತ ಹೇಳಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ನಮ್ಮ ರಾಯಚೂರು ಜಿಲ್ಲೆ ಆಗ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿತ್ತು. ಸೈನ್ಯ ಬಂದು, ನಿಜಾಮ ಶರಣಾಗಿ, ನಾವು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಹದಿಮೂರು ತಿಂಗಳು ತಡ. ಮತ್ತೆ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ನಮ್ಮ ಶಾಲೆಗಳಲ್ಲಿ ಎರಡು ಸಲ ಧ್ವಜ ಏರುತ್ತದೆ, ಎರಡು ಸಲ ಮಿಠಾಯಿ. ಸಣ್ಣವರಿದ್ದಾಗ ಇದು ನಮಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರಾದ ಮೇಲೆ ಆ ದಿನಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅನ್ನುತ್ತಾರೆ.

ಸರಿ, ಡಿಜೈನು ಮಾಡುವುದಕ್ಕೆ ಮೊದಲು ಧ್ವಜದ ಅಳತೆ ನೋಡೋಣ ಅಂತ ಹುಡುಕಲು ಕೂತೆ. ಅಳತೆಯ ಜೊತೆಗೆ ಸಿಕ್ಕಿದ್ದು ಕಾಯ್ದೆ. 2002ರ ಧ್ವಜ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ: ರಾಷ್ಟ್ರಧ್ವಜವನ್ನು ಭಾಷಣಕಾರರ ಮೇಜಿಗೆ ಹೊದಿಸಬಾರದು, ವೇದಿಕೆಗೆ ಇಳಿಬಿಡಬಾರದು. 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಗೆ ಆಮೇಲೆ ಬಂದ ತಿದ್ದುಪಡಿಯ ಪ್ರಕಾರ ದಿಂಬು, ಕರವಸ್ತ್ರ, ನ್ಯಾಪ್‌ಕಿನ್, ಉಡುವ ಬಟ್ಟೆಗಳ ಮೇಲೆ ಧ್ವಜವನ್ನು ಕಸೂತಿ ಹಾಕುವುದೂ ಇಲ್ಲ, ಮುದ್ರಿಸುವುದೂ ಇಲ್ಲ. ಹೋಗಲಿ, ಬರೀ ನಾಲ್ಕು ಸಿಂಹ ಹಾಕೋಣವೆಂದರೆ 2005ರ ರಾಷ್ಟ್ರ ಲಾಂಛನದ ಕಾಯ್ದೆ ಇದೆ. ಬರೀ ಚಕ್ರ? ಮಾರಾಟದ ವಸ್ತುವಿನ ಮೇಲೆ ಧ್ವಜದಲ್ಲಿರುವ ಅಶೋಕ ಚಕ್ರವನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ.

ತಮಾಷೆ ಏನು ಗೊತ್ತೇ? ಚಕ್ರ ಲೇಸಿಗೆ ಹೇಳಿ ಮಾಡಿಸಿದ ಹಾಗಿದೆ. ದುಂಡಗಿನ ಹಾಸು ಹಾಕುವಾಗ ನಡುವಿನ ಉಂಗುರದಲ್ಲಿ 12 ಕಂಬ ಹಾಕುತ್ತಾರೆ (ಕಂಬ ಅಂದರೆ ಕಡ್ಡಿಗೆ ದಾರ ಸುತ್ತಿ ಎಳೆಯುವ ಉದ್ದನೆ ಹೊಲಿಗೆ). ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದಲ್ಲೂ ಎರಡೆರಡು. ಹನ್ನೆರಡು ಎರಡಲೆ ಇಪ್ಪತ್ನಾಲ್ಕು! ಅಶೋಕ ಚಕ್ರದ 24 ಗೆರೆ. ಚಿಗವ್ವ ನಲವತ್ತು ವರ್ಷದಿಂದ ದೇವರ ಮಣೆಗೆ ಇಪ್ಪತ್ನಾಲ್ಕು ಗೆರೆಯ ಚಕ್ರ ಹಾಕುತ್ತಲೇ ಇದ್ದಾಳೆ. ಅದಕ್ಕೆ ನೀಲಿ ದಾರ ಹಾಕಿ, ಬಿಳಿ ಪಟ್ಟಿಯ ನಡುವೆ ಇಟ್ಟು, ಮೇಲೆ ಕೇಸರಿ ಕೆಳಗೆ ಹಸಿರು ಸೇರಿಸಿದ ಕ್ಷಣ ಅದು ಬೇರೆಯೇ ಆಗಿಬಿಡುತ್ತದೆ.

ಕಾಯ್ದೆ ಓದಿ ಮೊದಲು ಸಿಟ್ಟು ಬಂತು. ಒಬ್ಬ ಹೆಂಗಸು ಪ್ರೀತಿಯಿಂದ ಹಾಕಿದರೆ ಅಪಮಾನ ಹೇಗಾಗುತ್ತದೆ? ಆಮೇಲೆ ಯೋಚಿಸಿದೆ. ಮೇಜಿನ ಬಟ್ಟೆಯ ಮೇಲೆ ಚಹಾ ಚೆಲ್ಲುತ್ತದೆ, ಹಾರದ ನೀರು ಸೋರುತ್ತದೆ, ಕಾರ್ಯಕ್ರಮ ಮುಗಿದ ಮೇಲೆ ಯಾರೋ ಅದನ್ನು ಮುದುಡಿ ಅಲ್ಮೇರಾಕ್ಕೆ ತುರುಕುತ್ತಾರೆ. ಧ್ವಜಕ್ಕೆ ಹಾಗಾಗಬಾರದು ಅಂತ ಕಾಯ್ದೆಯ ಆಸೆ. ಲೇಸಿನ ಹಣೆಬರಹವೇ ಹಾಗೆ, ಅದು ಬಳಸುವ ವಸ್ತು. ಎರಡೂ ಅವರವರ ಜಾಗದಲ್ಲಿ ಸರಿ.

ಧ್ವಜ ಮಾಡುವುದು ಒಂದು ಬೇರೆಯೇ ಶಾಸ್ತ್ರ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಬಿಐಎಸ್ ಮಾನ್ಯತೆ ಪಡೆದ ಖಾದಿ ರಾಷ್ಟ್ರಧ್ವಜಗಳಿಗೆ ದೇಶದಲ್ಲೇ ಹೆಸರಾದ ಜಾಗ, ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಉದ್ದ ಅಗಲ ಮೂರಕ್ಕೆ ಎರಡು, ಒಂಬತ್ತು ಅಳತೆಗಳು, ಬಣ್ಣ, ದಾರ, ಹೊಲಿಗೆ ಎಲ್ಲಕ್ಕೂ ನಿಯಮ. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶವಾಯಿತು. ಕೈಕೆಲಸದ ಪಕ್ಕದಲ್ಲಿ ಯಂತ್ರ ಬಂದು ನಿಂತರೆ ಏನಾಗುತ್ತದೆ ಅಂತ ಲೇಸು ಹಾಕುವವರಿಗೆ ಬೇರೆ ಹೇಳಬೇಕಿಲ್ಲ.

ಚಿಗವ್ವನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಾರ ಏನು ಹಾಕಲಿ? ಮತ್ತ ಹಂಸನ?"

ಈ ಪ್ರಶ್ನೆ ನನ್ನನ್ನು ಎರಡು ವಾರ ಬಿಡಲಿಲ್ಲ. ಬೇರೆ ದೇಶದವರು ಏನು ಮಾಡಿದ್ದಾರೆ ನೋಡೋಣ ಅಂತ ಓದತೊಡಗಿದೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂತಲ್ಲ, ಆಗ ಕಾನ್ವೆಂಟಿನ ಸಿಸ್ಟರುಗಳು ಬಡ ಹೆಂಗಸರಿಗೆ ಕ್ರೋಶಾ ಕಲಿಸಿದರು. ಬೇರೆ ಲೇಸಿಗಿಂತ ಇದು ಬೇಗ ಮುಗಿಯುತ್ತದೆ, ಕೈಗೆ ಬೇಗ ಕಾಸು ಬರುತ್ತದೆ ಅಂತ. ಆ ಹೆಂಗಸರು ಯುರೋಪಿನ ಹಳೇ ಲೇಸನ್ನು ನಕಲು ಮಾಡುತ್ತ ಮಾಡುತ್ತ ನಡುವೆ ತಮ್ಮ ನಾಡಿನ ಗುರುತಾದ ಮೂರೆಲೆಯ ಶ್ಯಾಮ್‌ರಾಕನ್ನು ಸೇರಿಸಿಬಿಟ್ಟರು. ಇವತ್ತು ಐರಿಷ್ ಕ್ರೋಶಾ ಅಂದರೆ ಕಣ್ಣಿಗೆ ಬರುವುದೇ ಆ ಮೂರೆಲೆ.

ಇನ್ನೊಂದು ಕತೆ ಬೆಲ್ಜಿಯಮ್ಮಿನದು. 1914ರಲ್ಲಿ ಜರ್ಮನ್ ಸೈನ್ಯ ಒಳನುಗ್ಗಿತು. ಲೇಸು ಹಾಕುವ ಸಾವಿರಾರು ಹೆಂಗಸರಿಗೆ ದಾರವೂ ಇಲ್ಲ, ಊಟವೂ ಇಲ್ಲ. ಹರ್ಬರ್ಟ್ ಹೂವರ್ (ಮುಂದೆ ಅಮೆರಿಕದ ಅಧ್ಯಕ್ಷನಾದ, ಅವನೂ ಎಂಜಿನಿಯರು!) ನಡೆಸುತ್ತಿದ್ದ ಪರಿಹಾರ ಸಮಿತಿ ಆಹಾರದ ಜೊತೆಗೆ ದಾರವನ್ನೂ ಒಳಗೆ ತರಿಸಿ, ಮುಗಿದ ಲೇಸನ್ನು ಹೊರಗೆ ಮಾರುವ ವ್ಯವಸ್ಥೆ ಮಾಡಿತು. ಆ ಕಾಲದ ಲೇಸುಗಳನ್ನು 'ಯುದ್ಧದ ಲೇಸು' ಅನ್ನುತ್ತಾರೆ. ಅದರಲ್ಲಿ ಬೆಲ್ಜಿಯಮ್ಮಿನ ಸಿಂಹ ಇದೆ, ಪ್ರಾಂತ್ಯಗಳ ಲಾಂಛನಗಳಿವೆ, ಸಹಾಯಕ್ಕೆ ನಿಂತ ದೇಶಗಳ ಗುರುತುಗಳಿವೆ, ಊರಿನ ಹೆಸರುಗಳು, ಇಸವಿಗಳೂ ಇವೆ. ಬೀದಿಯಲ್ಲಿ ಬೇರೆಯವರ ಸೈನ್ಯ, ಮನೆಯೊಳಗೆ ದಾರದಲ್ಲಿ ತಮ್ಮ ಸಿಂಹ.

ನಮ್ಮ ಪಕ್ಕದ ಆಂಧ್ರದ ನರಸಾಪುರದ್ದು ಮೂರನೆಯ ಕತೆ. ಗೋದಾವರಿ ಸೀಮೆಯ ಆ ಊರಿಗೆ 19ನೇ ಶತಮಾನದಲ್ಲಿ ಮಿಷನರಿಗಳು ಕ್ರೋಶಾ ತಂದರು, ಲೇಸು ಹಡಗು ಹತ್ತಿ ವಿದೇಶಕ್ಕೆ ಹೋಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿಯ ಹೆಂಗಸರ ಮೇಲೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರು ಎತ್ತಿ ತೋರಿಸಿದ್ದು ಏನೆಂದರೆ, ದಿನವಿಡೀ ದುಡಿದರೂ ಇವರನ್ನು ಕೆಲಸಗಾರರು ಅಂತ ಯಾರೂ ಎಣಿಸುವುದಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವುದು ಅಂತ ಕೂಲಿ ಕಡಿಮೆ. ಇದನ್ನು ಓದುವಾಗ ನನಗೆ ಕಂಡದ್ದು ನರಸಾಪುರ ಅಲ್ಲ, ಮಾನ್ವಿಯ ಪಡಸಾಲೆ. 2024ರಲ್ಲಿ ನರಸಾಪುರದ ಲೇಸಿಗೆ ಜಿಐ ಮಾನ್ಯತೆ ಸಿಕ್ಕಿತು.

ಈ ಮೂರು ಕತೆಗಳಿಂದ ನನಗೆ ಹೊಳೆದದ್ದು ಇಷ್ಟು. ಶ್ಯಾಮ್‌ರಾಕ್ ಆಗಲಿ ಸಿಂಹವಾಗಲಿ ಆ ಹೆಂಗಸರಿಗೆ ಸರ್ಕಾರದಿಂದ ಬಂದದ್ದಲ್ಲ. ಅವರ ಹೊಲದಲ್ಲಿ, ಅವರ ಊರಿನ ಗೋಡೆಯ ಮೇಲೆ ಮೊದಲೇ ಇತ್ತು. ಹಾಗಾದರೆ ನಾವೂ ಲಾಂಛನದ ಚಿತ್ರವನ್ನು ಬಿಟ್ಟು ಅದು ಹುಟ್ಟಿದ ಜಾಗಕ್ಕೆ ಯಾಕೆ ಹೋಗಬಾರದು?

ಹಾಗೆ ನೋಡಿದರೆ ಸಾಮಾನು ನಮ್ಮ ಸುತ್ತಲೇ ಬಿದ್ದಿದೆ. ನವಿಲು ರಾಷ್ಟ್ರಪಕ್ಷಿಯಾದದ್ದು 1963ರಲ್ಲಿ. ಅದಕ್ಕೂ ಎಷ್ಟೋ ಮೊದಲು ಧಾರವಾಡ ಕಡೆಯ ಕಸೂತಿಯಲ್ಲಿ ನವಿಲಿದೆ, ಕಮಲ ಇದೆ, ಅಂಬಾರಿ ಆನೆ ಇದೆ, ರಥ, ಗೋಪುರ, ಪಲ್ಲಕ್ಕಿ, ತುಳಸಿ ಕಟ್ಟೆ ಎಲ್ಲ ಇವೆ. ಇಳಕಲ್ ಸೀರೆಯ ಮೇಲೆ ನಮ್ಮ ಅಜ್ಜಿಯರು ಉಟ್ಟದ್ದು ಅದನ್ನೇ. ಕಸೂತಿಯ ಗವಂತಿ, ಮುರಗಿ, ನೇಯ್ಗೆ, ಮೆಂತೆ ಅನ್ನುವ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು, ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಚಿಗವ್ವ ಹಾಕುವ ಚೌಕುಳಿ ಲೇಸೂ ಎಣಿಕೆಯದೇ: ತುಂಬಿದ ಮನೆ, ಖಾಲಿ ಮನೆ, ತುಂಬಿದ ಮನೆ... ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಮತ್ತು ಸೊನ್ನೆ. ಅಂದಮೇಲೆ ಕಸೂತಿಯ ರಥವನ್ನು ಲೇಸಿಗೆ ಇಳಿಸುವುದು ಒಂದು ಫಾರ್ಮ್ಯಾಟಿನಿಂದ ಇನ್ನೊಂದು ಫಾರ್ಮ್ಯಾಟಿಗೆ ಬದಲಾಯಿಸಿದ ಹಾಗೆ, ಅಷ್ಟೆ :)

ರಥದ ಮಾತು ಬಂದಾಗ ಚಿಗವ್ವ ತಾನೇ ತನ್ನ ಸಣ್ಣ ಪರ್ಸಿನಿಂದ ಐವತ್ತರ ನೀಲಿ ನೋಟು ತೆಗೆದು ತಿರುಗಿಸಿದಳು. 2017ರಲ್ಲಿ ಬಂದ ಆ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆಯಲ್ಲ. "ಇದು ಸರಕಾರದ್ದೂ ಆತು, ನಮ್ಮದೂ ಆತು" ಅಂದಳು. ನಾನು ಎರಡು ವಾರ ಓದಿ ಹೇಳಬೇಕೆಂದಿದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ರಾಯಚೂರಿನ ಕೋಟೆಯನ್ನೂ ಮರೆಯಬಾರದು. ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಅದರ ಪಕ್ಕದಲ್ಲೇ ಬಸ್ಸು ಹಿಡಿದಿದ್ದೇನೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಜೊತೆ ಕಾದಾಡಿದ್ದು ಇದೇ ಕೋಟೆಗೆ. ಅದಕ್ಕೂ ಹಳೆಯದು ಅಲ್ಲಿರುವ 1294ರ ಶಾಸನದ ಕಲ್ಲು, ನಲವತ್ತು ಅಡಿಗಿಂತ ಉದ್ದ. ಅಂಥ ಕಲ್ಲನ್ನು ಹೇಗೆ ತಂದರು ಅನ್ನುವುದನ್ನೂ ಅಲ್ಲೇ ಗೆರೆಯಲ್ಲಿ ಕೊರೆದಿದ್ದಾರೆ: ಬಂಡಿ, ಅದನ್ನು ಎಳೆಯುವ ಕೋಣಗಳ ಸಾಲು. ಒಂದರ ಹಿಂದೆ ಒಂದು ಕೋಣ. ಲೇಸಿನ ಅಂಚಿಗೆ ಇದಕ್ಕಿಂತ ಒಳ್ಳೆಯ ನಮೂನೆ ಬೇಕೇ? ರಾಜನ ಚಿತ್ರ ಅಲ್ಲ, ಭಾರ ಎಳೆದವರ ಚಿತ್ರ. ಇದನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇವೆ.

ಈಗ ಅಶೋಕನ ವಿಷಯಕ್ಕೆ ಬರುತ್ತೇನೆ. ನಮ್ಮ ನೋಟು, ನಾಣ್ಯ, ಪಾಸ್‌ಪೋರ್ಟು ಎಲ್ಲದರ ಮೇಲೂ ಇರುವ ಸಿಂಹಗಳು ಸಾರನಾಥದ ಅಶೋಕ ಸ್ತಂಭದವು ಅಂತ ಶಾಲೆಯಲ್ಲಿ ಓದಿದ್ದೇವೆ. ಸಾರನಾಥ ನಮಗೆ ಬಹಳ ದೂರ. ಆದರೆ ಆ ಅಶೋಕ ಯಾರು ಅನ್ನುವ ಗಂಟು ಬಿಚ್ಚಿದ್ದು ನಮ್ಮ ಜಿಲ್ಲೆಯಲ್ಲಿ! ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗ ಬಂಡೆಗಳ ಮೇಲೆ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನುವ ಬಿರುದುಗಳು. ಸಿಂಹಳದ ಗ್ರಂಥಗಳನ್ನು ನೋಡಿ ಇವನೇ ಅಶೋಕ ಅಂತ ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡ. ಅದರಲ್ಲಿ ಬಿರುದಿನ ಜೊತೆಗೇ ಹೆಸರೂ ಇತ್ತು: 'ದೇವಾನಂಪಿಯಸ ಅಸೋಕಸ'. ಊಹೆ ಖಾತ್ರಿಯಾಯಿತು. ಆಮೇಲೆ ಬೇರೆ ಕಡೆಯೂ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳದಲ್ಲೂ ಆ ಹೆಸರು ಸಿಕ್ಕಿತು. ಆದರೆ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ.

ಮಾನ್ವಿಯಿಂದ ಸಿಂಧನೂರು, ಅಲ್ಲಿಂದ ಲಿಂಗಸುಗೂರು ದಾರಿ ಹಿಡಿದರೆ ಮಸ್ಕಿ. ಒಂದು ಭಾನುವಾರ ಚಿಗವ್ವನನ್ನು ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಇದೇ ಜಿಲ್ಲೆಯಲ್ಲಿದ್ದರೂ ಅವಳು ಆ ಬಂಡೆಯನ್ನು ನೋಡಿರಲಿಲ್ಲ. ಅಕ್ಷರಗಳು ಸವೆದಿವೆ, ಬಿಸಿಲಿನಲ್ಲಿ ಸುಲಭಕ್ಕೆ ಕಾಣುವುದಿಲ್ಲ. ನಾನು ಮೊಬೈಲಿನಲ್ಲಿ ಬ್ರಾಹ್ಮಿ ಅಕ್ಷರಮಾಲೆ ತೆಗೆದು ತೋರಿಸಿದೆ. ಅಶೋಕನ ಕಾಲದ ಬ್ರಾಹ್ಮಿ ಅಂದರೆ ಬಹಳ ಸರಳ ಗೆರೆಗಳು. 'ಕ' ಅಂದರೆ ಕೂಡಿಸುವ ಗುರುತು, ಅಷ್ಟೆ. 'ನ' ಅಂದರೆ ಅಡ್ಡ ಗೆರೆಯ ಮೇಲೆ ನಿಂತ ಒಂದು ಕೋಲು. 'ಠ' ಒಂದು ಸೊನ್ನೆ. 'ಥ' ಸೊನ್ನೆಯೊಳಗೊಂದು ಚುಕ್ಕಿ. 'ಗ' ಗುಡಾರದ ಹಾಗೆ ಎರಡು ಓರೆ ಗೆರೆ. ನಾವು ಈಗ ಬರೆಯುವ ದುಂಡು ಕನ್ನಡ ಅಕ್ಷರಗಳೆಲ್ಲ ಇವುಗಳ ಮೊಮ್ಮಕ್ಕಳ ಮೊಮ್ಮಕ್ಕಳು. ಅಶೋಕನ ಹೆಸರಿನ ಆ 'ಕ' ಮುಂದೆ ಬಾಗಿ, ತಿರುಗಿ, ತಲೆಕಟ್ಟು ಹೊತ್ತು ನಮ್ಮ 'ಕ' ಆಗಿದೆ, 'ಕನ್ನಡ'ದ ಮೊದಲ ಅಕ್ಷರವೂ ಆಗಿದೆ.

ಕೂಡಿಸುವ ಗುರುತು ಅಂದರೆ ಚೌಕುಳಿ ಲೇಸಿನಲ್ಲಿ ಐದೇ ಮನೆ. ನಡುವೆ ಒಂದು, ನಾಲ್ಕು ದಿಕ್ಕಿಗೆ ನಾಲ್ಕು. ಸ್ಪ್ರೆಡ್‌ಶೀಟಿನಲ್ಲಿ ಕಾಲಂ ಅಗಲ ಕಡಿಮೆ ಮಾಡಿ, ಚೌಕ ಮನೆಗಳನ್ನು ಮಾಡಿ, ಕಪ್ಪು ತುಂಬಿ 'ಕ'ಗಳ ಸಾಲು ತಯಾರು ಮಾಡಿದೆ. ಚಿಗವ್ವ ಕನ್ನಡಕ ಏರಿಸಿ ನೋಡಿದಳು.

"ದವಾಖಾನಿ ಗುರುತು ಕಂಡಂಗ ಕಾಣ್ತದಲ್ಲವಾ ಇದು!"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಅವಳು ಬಿಡಲಿಲ್ಲ. ಕಡ್ಡಿ ತೆಗೆದುಕೊಂಡು ಸಣ್ಣ ತುಂಡೊಂದನ್ನು ಹಾಕತೊಡಗಿದಳು. ಎರಡನೆಯ ಸಾಲಿನ 'ಕ'ಗಳನ್ನು ಮೊದಲ ಸಾಲಿನ ಎರಡರ ನಡುವೆ ಬರುವ ಹಾಗೆ ಸರಿಸಿ ಕೂಡಿಸಿದಳು. ನಾಲ್ಕು ಮನೆ ಅಗಲ, ನಾಲ್ಕು ಮನೆ ಎತ್ತರದ ಒಂದು ತುಂಡು, ಒಟ್ಟು 16 ಮನೆ. ಅದರಲ್ಲಿ 10 ತುಂಬಿದ್ದು, 6 ಖಾಲಿ. ಖಾಲಿ ಮನೆ ಯಾವುದೂ ಇನ್ನೊಂದಕ್ಕೆ ಅಂಟುವುದಿಲ್ಲ. ಈ ತುಂಡು ಪಕ್ಕಕ್ಕೆ, ಮೇಲಕ್ಕೆ ಮತ್ತೆ ಮತ್ತೆ ಬಂದಾಗ ಆಸ್ಪತ್ರೆ ಮಾಯವಾಯಿತು. ಹಳೇ ಗುಡಿಯ ಜಾಲಂಧ್ರದ ಕಲ್ಲಿನಲ್ಲಿ ಬೆಳಕು ತೂರಿದ ಹಾಗೆ ಆಯಿತು. "ಈಗ ನೋಡು" ಅಂದಳು. ನೋಡಿದೆ. ಗೊತ್ತಿದ್ದವರಿಗೆ ಅಲ್ಲಿ ಅಶೋಕನ 'ಕ' ಕಾಣುತ್ತದೆ, ಗೊತ್ತಿಲ್ಲದವರಿಗೆ ಒಂದು ಚೆಂದದ ಜಾಳಿಗೆ. ಚಕ್ರವೂ ಇಲ್ಲ, ಸಿಂಹವೂ ಇಲ್ಲ, ಯಾವ ಕಾಯ್ದೆಗೂ ಸಿಟ್ಟು ಬರುವ ಹಾಗಿಲ್ಲ.

ಲೆಕ್ಕ ಇಷ್ಟಪಡುವ ಗೆಳೆಯರಿಗಾಗಿ ಒಂದಿಷ್ಟು ವಿವರ. ಪ್ರತಿ ಮನೆಗೆ ಮೂರು ಹೊಲಿಗೆ: ತುಂಬಿದ್ದಾದರೆ ಮೂರು ಕಂಬ, ಖಾಲಿಯಾದರೆ ಒಂದು ಕಂಬ ಎರಡು ಚೈನು. ಸಾಲಿನ ಕೊನೆಗೆ ಬಾಗಿಲು ಮುಚ್ಚಲು ಇನ್ನೊಂದು ಕಂಬ. ಅಂದರೆ ಮನೆಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಒಂದು ಕೂಡಿಸಬೇಕು. ನಮ್ಮ ಪಟ್ಟಿಯ ಅಗಲ 28 ಮನೆ, ಆದ್ದರಿಂದ ಸಾಲಿಗೆ 85 ಹೊಲಿಗೆ. ಕೆಳಗೆ 8 ಮನೆ 'ಕ' ಜಾಳಿಗೆ, ನಡುವೆ 16 ಮನೆ ಎತ್ತರದ ಹಂಪಿಯ ರಥ, ಮೇಲೆ ಮತ್ತೆ 4 ಮನೆ ಜಾಳಿಗೆ. ಉದ್ದಕ್ಕೆ 300 ಸಾಲು, ಮೂವತ್ತು ಸಾಲಿಗೊಂದರಂತೆ 10 ರಥ. ಪಟ್ಟಿಯನ್ನು ಉದ್ದಕ್ಕೆ ಹಾಕುತ್ತ ಹೋಗುವುದರಿಂದ ಚಿತ್ರವನ್ನು ಅಡ್ಡ ಮಲಗಿಸಿ ಓದಬೇಕು. ನನಗೆ ಅದಕ್ಕೆ ತಲೆ ಓರೆ ಮಾಡಬೇಕಾಯಿತು, ಚಿಗವ್ವನಿಗೆ ಏನೂ ಅನ್ನಿಸಲಿಲ್ಲ. ಅಗಲ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಉದ್ದ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಎಲ್ಲ ಬಿಳಿ ದಾರ. ತಂದಿಟ್ಟಿದ್ದ ಕೇಸರಿ, ಹಸಿರು ದಾರ ಈಗ ಓಣಿಯ ಕೂಸುಗಳ ಟೋಪಿಗಳಾಗಿವೆ.

ಚಾರ್ಟು ಮಾಡಿದ್ದರಿಂದ ನಾನು ಎಣಿಸಿರದ ಒಂದು ಲಾಭವಾಯಿತು. ಒಂದು ಸಾಲಿಗೆ ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ನೋಡಿದೆವು. ಏಳೂವರೆ ನಿಮಿಷ. ಮುನ್ನೂರು ಸಾಲಿಗೆ ಹತ್ತಿರ ಹತ್ತಿರ 38 ಗಂಟೆ. ನಲವತ್ತು ವರ್ಷದಲ್ಲಿ ಮೊದಲ ಸಲ ಚಿಗವ್ವನಿಗೆ ತನ್ನ ಕೆಲಸ ಗಂಟೆಯ ಲೆಕ್ಕದಲ್ಲಿ ಕಾಣಿಸಿತು. ಶಾಲೆಯವರು ಬಂದಾಗ ಅವಳು ಕಾಗದದ ಮೇಲೆ ಬರೆದೇ ಕೊಟ್ಟಳು: 38 ಗಂಟೆ, ಗಂಟೆಗೆ 50 ರೂಪಾಯಿ, 1,900. ದಾರ 300. ಒಟ್ಟು 2,200.

"ಮಷೀನ್ ಲೇಸು ಮೀಟರಿಗೆ ಮೂವತ್ತು ರೂಪಾಯಿಗೆ ಸಿಗ್ತದಲ್ರೀ ಅಕ್ಕಾರ" ಅಂದರು ಬಂದವರೊಬ್ಬರು.

"ಸಿಗ್ತದರಿ. ಅದರಾಗ ಹಂಪಿ ತೇರು ಸಿಗಂಗಿಲ್ಲ, ಅಶೋಕನ ಅಕ್ಷರ ಸಿಗಂಗಿಲ್ಲ. ಮಕ್ಕಳು ಇದೇನು ಅಂತ ಕೇಳಿದರ ಹೇಳಲಿಕ್ಕ ನಿಮಗ ಒಂದು ಮಾತರ ಇರಬೇಕಲ್ರಿ."

ನಾನು ಅಲ್ಲೇ ಕೂತಿದ್ದೆ. ಚಿಗವ್ವ ರೇಟಿನ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಸ್ವಲ್ಪ ಹೊತ್ತು ಲೇಸನ್ನು ಬೆಳಕಿಗೆ ಹಿಡಿದು ನೋಡಿದರು. ರಥಗಳನ್ನು ಎಣಿಸಿದರು. ಧ್ವಜ ಎಲ್ಲಿ ಅಂತ ಕೇಳಿದರು. "ಧ್ವಜ ಮ್ಯಾಲ ಹಾರತದರಿ, ಮೇಜಿನ ಮ್ಯಾಲ ಅಲ್ಲ" ಅಂದಳು. ಒಪ್ಪಿಕೊಂಡರು. ಪೂರ್ತಿ 2,200.

ಗಂಟೆಗೆ ಐವತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ, ನನಗೆ ಗೊತ್ತು. ಬೆಂಗಳೂರಿನಲ್ಲಿ ನಾವು ಕುಡಿಯುವ ಒಂದು ಕಾಫಿಗೂ ಸಾಲದು. ಆದರೆ ಇಪ್ಪತ್ತಕ್ಕಿಂತ ಐವತ್ತು ಹೆಚ್ಚು. ರಾಯಚೂರಿನ ಅಂಗಡಿಗೆ ಹೋಗುವ ಹಂಸದ ತೋರಣಕ್ಕೂ ಈಗ ಗಂಟೆ ಲೆಕ್ಕ ಶುರುವಾಗಿದೆ. ಅಂಗಡಿಯವರು ಇನ್ನೂ ಒಪ್ಪಿಲ್ಲ, ಮಾತು ನಡೆಯುತ್ತಿದೆ.

ಇನ್ನೊಂದು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಮಸ್ಕಿಯಿಂದ ಬರುವಾಗ ಬಸ್ಸಿನಲ್ಲಿ ಚಿಗವ್ವ ಒಂದು ಮಾತು ಕೇಳಿದ್ದಳು. "ಅಷ್ಟು ದೊಡ್ಡ ರಾಜ. ಅಷ್ಟೆಲ್ಲ ಕಲ್ಲಿನ ಮ್ಯಾಲ ಬರಸ್ಯಾನ. ಹೆಸರು ಎದಕ ಹಾಕಿಸಿಲ್ಲ ಎಲ್ಲಾ ಕಡಿ?" ನನಗೆ ಉತ್ತರ ಗೊತ್ತಿರಲಿಲ್ಲ. ಅವಳೇ ಮುಂದುವರಿಸಿದಳು, "ಒಂದು ಕಡಿ ಹಾಕಿದ್ದಕ್ಕ ನೋಡು, ಯಾರಂತ ತಿಳೀತು." ಇಲ್ಲಿಯವರೆಗೆ ಅವಳು ಹಾಕಿದ ನೂರಾರು ಲೇಸುಗಳಲ್ಲಿ ಎಲ್ಲೂ ಅವಳ ಹೆಸರಿಲ್ಲ. ದೇವದುರ್ಗದ ನಮ್ಮ ಮನೆಯಲ್ಲಿರುವ ಅಜ್ಜಿಯ ಕಾಲದ ಹಾಸನ್ನು ಹಾಕಿದವರು ಯಾರೆಂದು ಅವ್ವನಿಗೂ ಖಚಿತವಿಲ್ಲ.

ಪಟ್ಟಿ ಮುಗಿದ ಮೇಲೆ ನೋಡಿದರೆ ಕೊನೆಯ ಮೂಲೆಯಲ್ಲಿ, ಚಾರ್ಟಿನಲ್ಲಿ ನಾನು ಹಾಕಿರದ ಒಂದು ಗುರುತಿತ್ತು. ಎರಡು ಓರೆ ಗೆರೆ, ಸಣ್ಣ ಗುಡಾರದ ಹಾಗೆ. ಬ್ರಾಹ್ಮಿಯ 'ಗ'. ಅವಳ ಹೆಸರಿನ ಮೊದಲ ಅಕ್ಷರ. ಜೊತೆಯ ಇಬ್ಬರೂ ಈಗ ತಮ್ಮ ತಮ್ಮ ಅಕ್ಷರ ಹೇಗೆ ಬರುತ್ತದೆ ಅಂತ ನನಗೆ ಫೋನು ಮಾಡಿ ಕೇಳುತ್ತಿದ್ದಾರೆ.

ಮುಂದಿನದು ಕೋಣಗಳ ಸಾಲು. ಅದರ ನಂತರ ಗಂಡಭೇರುಂಡ ಅಂತ ಆಸೆ ಇದೆ. ಸರ್ಕಾರದ ಮುದ್ರೆಯಲ್ಲಿರುವುದಲ್ಲ, ಬಳ್ಳಿಗಾವಿಯ ಕಂಬದ ಮೇಲೆ 1047ರಿಂದ ನಿಂತಿರುವುದು, ಅಚ್ಯುತರಾಯನ ನಾಣ್ಯದಲ್ಲಿರುವುದು. ಎಡ ಬಲ ಒಂದೇ ಥರ ಇರುವುದರಿಂದ ಅರ್ಧ ಚಾರ್ಟು ಮಾಡಿದರೆ ಸಾಕು, ಸೋಮಾರಿ ಎಂಜಿನಿಯರಿಗೆ ಬಹಳ ಅನುಕೂಲ :)

ನಿಮ್ಮ ಮನೆಯ ಟಿವಿ ಮೇಲೆ, ಕಪಾಟಿನ ಅಂಚಿನಲ್ಲಿ, ಹಳೇ ಟ್ರಂಕಿನ ತಳದಲ್ಲಿ ಯಾವ ಚಿತ್ರದ ಲೇಸಿದೆ? ಹಂಸವೋ, ನವಿಲೋ? ಹಾಕಿದವರು ಯಾರು ಅಂತ ಗೊತ್ತಿದೆಯೇ? ಗೊತ್ತಿದ್ದವರು ಬದುಕಿರುವಾಗಲೇ ಒಮ್ಮೆ ಕೇಳಿ ಬರೆದಿಡಿ. ನನಗೂ ತಿಳಿಸಿ. 'ಕ' ಜಾಳಿಗೆಯ ಚಾರ್ಟು ಬೇಕಾದವರು ಹೇಳಿ, ಕಳಿಸುತ್ತೇನೆ. ಅದಕ್ಕೆ ದುಡ್ಡಿಲ್ಲ. ಲೇಸೇ ಬೇಕಾದರೆ ಮಾತ್ರ ಚಿಗವ್ವನ ಜೊತೆ ಗಂಟೆ ಲೆಕ್ಕ ಮಾತಾಡಬೇಕಾಗುತ್ತದೆ!